ಮಾಸ್ಟರ್ ಇಲ್ಲದ ಮಾಸ್ಟರ್ ಅಂಗಡಿ: ಬಳ್ಳಾರಿಯಲ್ಲಿ ಸೌಂಡ್ ಸೆಟ್ ಬಾಡಿಗೆಗೆ ಬೇಕಿದ್ದರೆ ಓದಿ

ಬಳ್ಳಾರಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವರಿಗೇನೂ ಬರ ಇಲ್ಲ. ರಾಯಲ್ ಸರ್ಕಲ್‌ನಿಂದ ಹೊರಟು ಯಾವ ರಸ್ತೆ ಹಿಡಿದರೂ ಕಪ್ಪು ಡಬ್ಬಗಳನ್ನು ಮುಂದೆ ಪೇರಿಸಿಟ್ಟ ಅಂಗಡಿ ಸಿಗುತ್ತದೆ. ಕುಣಿಯೋಕೆ ಬೇಕಿದ್ದರೆ ಅವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಆದರೆ ವೇದಿಕೆ ಮೇಲಿನವರು ಏನು ಮಾತಾಡಿದರು, ಹಾಡಿದ ಹಾಡಿನ ಪದ ಏನು ಅಂತ ಜನರಿಗೆ ತಿಳಿಯಬೇಕು ಅನ್ನುವವರಿಗೆ ನಾನು ಈಗಲೂ ಹೇಳುವುದು ಒಂದೇ ಅಂಗಡಿ. ಕೌಲ್ ಬಜಾರ್ ಕಡೆಯ ಮಾಸ್ಟರ್ ಅಂಗಡಿ. ಬೋರ್ಡಿನ ಮೇಲೆ ಬೇರೇನೋ ಹೆಸರಿದೆ, ನಮ್ಮೂರಿನ ಬಿಸಿಲಿಗೆ ಅರ್ಧ ಅಳಿಸಿ ಹೋಗಿದೆ. ಆಟೋದವರಿಗೆ ಆ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಮಾಸ್ಟರ್ ಅಂಗಡಿ ಅಂದರೆ ಸಾಕು, ತಂದು ಬಿಡುತ್ತಾರೆ.

ಮಾಸ್ಟರ್ ಹೋದ ವರ್ಷ ತೀರಿಕೊಂಡರು. ಆಮೇಲೆ ನಾಟಕದವರು, ಶಾಲೆಯವರು, ಸಂಘದವರು ಸಿಕ್ಕಿದಾಗಲೆಲ್ಲ ಕೇಳುವುದು ಇದನ್ನೇ. ಈಗ ಅಲ್ಲಿ ಹೇಗಿದೆ? ಹೋಗಬಹುದಾ? ನಮ್ಮ ತಂಡದ ನಾಟಕಗಳಿಗೆ ಮೊದಲಿನಿಂದಲೂ ಅಲ್ಲಿಂದಲೇ ಸೆಟ್ ತರುವುದು, ಅವರು ಹೋದ ಮೇಲೂ ತಂದಿದ್ದೇವೆ. ಹೋಗಬಹುದು. ಆದರೆ ಎಲ್ಲ ಕೆಲಸಕ್ಕೂ ಅಲ್ಲ. ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಬೇಡ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಮಧ್ಯೆ ಮಧ್ಯೆ ಮಾಸ್ಟರ್ ಬಗ್ಗೆ ಜಾಸ್ತಿ ಬರುತ್ತದೆ, ಸಹಿಸಿಕೊಳ್ಳಿ. ಅವರನ್ನು ಪಕ್ಕಕ್ಕಿಟ್ಟು ಆ ಅಂಗಡಿ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಮಾಸ್ಟರ್ ಅಂದರೆ ಚರ್ಚಿನ ಕಾಯರ್ ಮಾಸ್ಟರ್, ಹಾಡುವ ತಂಡವನ್ನು ನಡೆಸುವವರು. ಭಾನುವಾರ ಬೆಳಿಗ್ಗೆ ಕೀಬೋರ್ಡ್ ಮುಂದೆ, ಉಳಿದ ದಿನ ಸೋಲ್ಡರಿಂಗ್ ಐರನ್ ಮುಂದೆ. ಎರಡೂ ಒಬ್ಬರಿಗೇ ಬರುವುದು ಅಪರೂಪ. ಸಂಗೀತದವರಿಗೆ ವೈರ್ ಅಂದರೆ ಭಯ, ಸೌಂಡಿನವರಿಗೆ ಸ್ವರದ ಗೊಡವೆ ಬೇಡ. ಇವರಿಗೆ ಎರಡೂ ಒಂದೇ ಕೆಲಸ. ಮೈಕ್‌ಗಳ ಸದ್ದನ್ನೆಲ್ಲ ಕೂಡಿಸಿ ಹದ ಮಾಡುವ ಮಿಕ್ಸರ್ ಮೇಲೆ ಹುಡುಗರು ಸುಮ್ನೆ ಕೈಯಾಡಿಸುತ್ತಿದ್ದರೆ, "ಹಾಡೋನು ಏನು ಹಾಡ್ತಾನ ಅಂತ ಗೊತ್ತಿಲ್ದ ಯಾವ ಗುಂಡಿ ತಿರುಗಸ್ತೀ ತಮ್ಮಾ?" ಅಂತ ಕೇಳುತ್ತಿದ್ದರು.

ಅವರು ಕಲಿತದ್ದು ಚರ್ಚಿನಲ್ಲಿದ್ದ ಹಳೆಯ ಹಾರ್ಮೋನಿಯಂ ಮೇಲೆ, ಕಾಲಲ್ಲಿ ತುಳಿದು ಗಾಳಿ ತುಂಬಿಸುವಂಥದ್ದು. ಕಾಲು ನಿಂತರೆ ಹಾಡು ನಿಲ್ಲುತ್ತದೆ. ಆ ಅಭ್ಯಾಸಕ್ಕೋ ಏನೋ, ಕರೆಂಟಿನ ಕೀಬೋರ್ಡ್ ನುಡಿಸುವಾಗಲೂ ಅವರ ಎಡಗಾಲು ಕೆಳಗೆ ಸುಮ್ಮನಿರುತ್ತಿರಲಿಲ್ಲ.

ಬಳ್ಳಾರಿಯ ಚರ್ಚ್ ಸಂಗೀತ ಒಂಥರಾ ಕಲಸುಮೇಲೋಗರ. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. ಇಲ್ಲೇ ಇದ್ದು ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತಂದರು. ಮೇಲಾಗಿ ಇದು ಬ್ರಿಟಿಷರ ದಂಡು ಇದ್ದ ಊರು, 1953ರವರೆಗೆ ಮದ್ರಾಸಿನ ಜೊತೆಗಿದ್ದ ಜಿಲ್ಲೆ. ಹಾಗಾಗಿ ಕನ್ನಡ, ತೆಲುಗು, ತಮಿಳು, ಇಂಗ್ಲಿಷ್ ಎಲ್ಲದರಲ್ಲೂ ಆರಾಧನೆ ನಡೆದುಕೊಂಡು ಬಂದಿದೆ. ಇಂಗ್ಲಿಷ್ ಗೀತೆಗೆ ನಾಲ್ಕು ಧ್ವನಿ ಬೇಕು, ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಅಂತ. ತೆಲುಗು, ಕನ್ನಡದ ಕೀರ್ತನೆಗೆ ರಾಗ ಬೇಕು, ತಾಳ ಬೇಕು. ಒಂದೇ ಬೆಳಿಗ್ಗೆ ಅದರಿಂದ ಇದಕ್ಕೆ ಇದರಿಂದ ಅದಕ್ಕೆ ಹಾರಬೇಕು. ಮಾಸ್ಟರ್ ಪಾಶ್ಚಾತ್ಯ ಗೀತೆಗೆ ಕೀಬೋರ್ಡ್ ಹಿಡಿಯುತ್ತಿದ್ದರು, ಕೀರ್ತನೆ ಬಂದರೆ ಪಕ್ಕದ ಕೈ ಹಾರ್ಮೋನಿಯಂಗೆ ಸರಿಯುತ್ತಿದ್ದರು.

ಹಾರ್ಮೋನಿಯಂ ವಿಷಯ ಬಂದರೆ ಅವರು ತಪ್ಪದೇ ಹೇಳುತ್ತಿದ್ದ ಮಾತೊಂದಿದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಒಳಗೇ ಬಿಟ್ಟಿರಲಿಲ್ಲ, ಗೊತ್ತಲ್ವಾ? ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಗಮಕ ಬರುವುದಿಲ್ಲ, ಶ್ರುತಿ ನಮ್ಮದಲ್ಲ ಅಂತೆಲ್ಲ ತಕರಾರು. "ರೇಡಿಯೋದಾಗ ಬ್ಯಾಡ ಅಂದ್ರು, ನಮ್ಮ ಗುಡಿಯಾಗ, ಬಯಲಾಟದಾಗ, ಚರ್ಚ್‌ನಾಗ ಯಾರಾರ ಬಿಟ್ರೇನು?" ಅಂತ ನಗುತ್ತಿದ್ದರು. ತಕರಾರು ಸುಳ್ಳಲ್ಲ ಅಂತಲೂ ಒಪ್ಪುತ್ತಿದ್ದರು.

ಅವರ ಹತ್ತಿರ ಕಲಿತ ಮಕ್ಕಳನ್ನು ಕೇಳಿ, ಎಲ್ಲರೂ ಮೊದಲು ಹೇಳುವುದು ಪ್ಲಾಸ್ಟರ್ ಕಥೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅಂತ ಒಂದು ಬಟನ್ ಇರುತ್ತದೆ. ಹಾಡುವವರ ಶ್ರುತಿ ಮೇಲೆ ಕೆಳಗೆ ಆದರೆ ಅದನ್ನು ಒತ್ತಿಬಿಟ್ಟರೆ ಆಯಿತು, ನಿಮ್ಮ ಬೆರಳು ಹಳೇ ಜಾಗದಲ್ಲೇ ಆಡುತ್ತದೆ, ಶಬ್ದ ಮಾತ್ರ ಹೊಸ ಶ್ರುತಿಯಲ್ಲಿ ಬರುತ್ತದೆ. ಮಾಸ್ಟರ್ ಆ ಬಟನ್ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿಬಿಟ್ಟಿದ್ದರು. ಹನ್ನೆರಡೂ ಶ್ರುತಿಯಲ್ಲಿ ಕೈ ಓಡಬೇಕು, ಆಮೇಲೆ ಬೇಕಿದ್ದರೆ ಕಿತ್ತುಕೋ. ಕಿತ್ತುಕೊಂಡವರು ಕಮ್ಮಿ. ಅಂಗಡಿಯ ಕಲಿಕೆ ಕೀಬೋರ್ಡ್ ಮೇಲೆ ಆ ಪ್ಲಾಸ್ಟರ್ ಇನ್ನೂ ಇದೆ, ಕೊಳೆಯಾಗಿ ಕರ್ರಗಾಗಿದೆ.

ಸರಿ, ಈಗ ಸೌಂಡಿಗೆ ಬರೋಣ.

ಮಾಸ್ಟರ್ ಎಲ್ಲೂ ಡಿಗ್ರಿ ಮಾಡಿದವರಲ್ಲ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುತ್ತಾ ಶುರು ಮಾಡಿದವರು, ವಾಲ್ವ್ ಆಂಪ್ಲಿಫೈಯರ್ ನೋಡಿದವರು, ಆಮೇಲೆ ಆಹುಜಾ ಕಂಪನಿಯ ಆಂಪ್ಲಿಫೈಯರ್‌ಗಳ ಕಾಲ. ಆದರೆ ಅವರ ತಲೆಗೆ ಹುಳ ಬಿಟ್ಟದ್ದು ಚರ್ಚಿನ ಪ್ರಸಂಗ, ಅಂದರೆ ಅಯ್ಯಗಾರು ಅಂತ ಕರೆಯುವ ಪಾದ್ರಿಯ ಬೋಧನೆ. ಉದ್ದನೆಯ ಕಲ್ಲಿನ ಕಟ್ಟಡ, ಎತ್ತರದ ಮಾಡು, ಮುಂದೆ ಎರಡು ದೊಡ್ಡ ಸ್ಪೀಕರ್. ಅಯ್ಯಗಾರು ಒಂದು ಮಾತು ಆಡಿದರೆ ಅದು ಗೋಡೆಗೆ ಬಡಿದು, ಮಾಡಿಗೆ ಬಡಿದು, ಎರಡು ಮೂರು ಸೆಕೆಂಡ್ ಸುತ್ತಾಡಿ ಮುಂದಿನ ಮಾತಿನ ಮೇಲೆ ಬಂದು ಬೀಳುತ್ತದೆ. ಕೊನೆಯ ಬೆಂಚಿನಲ್ಲಿ ಕೂತ ಮುದುಕಿಯರಿಗೆ ಬರೀ ಗುಂಯ್ ಅನ್ನುತ್ತದೆ. ಕೇಳಿಸಲ್ಲ ಅಂತ ದೂರು ಬಂದ ಕೂಡಲೇ ಎಲ್ಲರೂ ಮಾಡುವುದೇನು? ಜೋರು ಮಾಡುತ್ತಾರೆ. ಜೋರು ಮಾಡಿದರೆ ಗೋಡೆಗೆ ಬಡಿಯುವುದೂ ಜೋರಾಗುತ್ತದೆ. ದೂರು ಹಾಗೇ ಉಳಿಯುತ್ತದೆ, ಜೊತೆಗೆ ಮೈಕೂ ಕೂಗಲು ಶುರು ಮಾಡುತ್ತದೆ.

ಮಾಸ್ಟರ್ ಮಾಡಿದ್ದು ಉಲ್ಟಾ. ಮುಂದಿನ ಸ್ಪೀಕರ್ ಸದ್ದು ಇಳಿಸಿದರು. ಅರ್ಧ ದಾರಿಯಲ್ಲಿ ಕಂಬಗಳಿಗೆ ಸಣ್ಣ ಸ್ಪೀಕರ್ ಕಟ್ಟಿ ಜನರ ಕಡೆಗೆ ಬಾಗಿಸಿದರು. ಆಮೇಲೆ ಇನ್ನೊಂದು ತೊಡಕು. ವೈರಿನಲ್ಲಿ ಶಬ್ದ ತಕ್ಷಣ ಹೋಗುತ್ತದೆ, ಗಾಳಿಯಲ್ಲಿ ನಿಧಾನ, ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಇಪ್ಪತ್ತು ಮೀಟರ್ ಹಿಂದೆ ಕೂತವರಿಗೆ ಪಕ್ಕದ ಸ್ಪೀಕರಿನ ಮಾತು ಮೊದಲು ಬರುತ್ತದೆ, ಮುಂದಿನದು ಸುಮಾರು 58 ಮಿಲಿಸೆಕೆಂಡ್ ತಡವಾಗಿ ಬಂದು ಮಾತನ್ನು ಕಲಕುತ್ತದೆ. ಅದಕ್ಕೆ ಹಿಂದಿನ ಸ್ಪೀಕರನ್ನು ಬೇಕೆಂದೇ ಅಷ್ಟು ತಡ ಮಾಡಬೇಕು. ಈಗಿನ ಮಿಕ್ಸರ್‌ಗಳಲ್ಲಿ ಅದು ಒಂದು ಗುಂಡಿ ತಿರುಗಿಸಿದಷ್ಟು ಸಲೀಸು. ಆಗ ಅದಕ್ಕೊಂದು ಬೇರೆ ಪೆಟ್ಟಿಗೆಯೇ ಬೇಕಿತ್ತು, ಮಾಸ್ಟರ್ ಎಲ್ಲಿಂದಲೋ ಹಳೆಯದೊಂದನ್ನು ಹುಡುಕಿ ತಂದು ರಿಪೇರಿ ಮಾಡಿದ್ದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದರೆ ಶಬ್ದ ಇನ್ನೂ ಸ್ವಲ್ಪ ಬೇಗ ಓಡುತ್ತದೆ, ಸೆಕೆಂಡಿಗೆ 355 ಮೀಟರ್ ಹತ್ತಿರ. ನಮ್ಮ ಬಳ್ಳಾರಿಯಲ್ಲಿ ಇದೂ ಲೆಕ್ಕಕ್ಕೆ ಬರುತ್ತದಾ ಅಂತ ನಾನು ತಮಾಷೆಗೆ ಕೇಳಿದ್ದೆ. "ಎರಡು ಮಿಲಿಸೆಕೆಂಡ್ ಫರಕು, ಬಿಡ್ರಿ, ಆ ಬಿಸಿಲಾಗ ಪ್ರಸಂಗ ಯಾರು ಕೇಳ್ತಾರ" ಅಂದಿದ್ದರು.

ಈ ಅಂಗಡಿಯ ನಿಜವಾದ ಆಸ್ತಿ ಸ್ಪೀಕರ್ ಅಲ್ಲ, ಒಂದು ಡೈರಿ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ರಟ್ಟು. ಒಂದೊಂದು ಪುಟಕ್ಕೆ ಒಂದೊಂದು ಹಾಲ್, ಒಂದೊಂದು ಚರ್ಚ್, ಒಂದೊಂದು ಕಲ್ಯಾಣ ಮಂಟಪ. ಮೈಕ್ ಎಲ್ಲಿ ನಿಂತರೆ ಕೂಗುತ್ತದೆ, ಯಾವ ಫ್ರೀಕ್ವೆನ್ಸಿಯಲ್ಲಿ ಕೂಗುತ್ತದೆ, ಕರೆಂಟ್ ಪಾಯಿಂಟ್ ಎಲ್ಲಿದೆ, ಅರ್ಥಿಂಗ್ ಹೇಗಿದೆ. ಪೆನ್ಸಿಲ್ಲಿನಲ್ಲಿ ಬರೆದದ್ದು, ಬದಲಾದರೆ ಒರೆಸಿ ತಿದ್ದಲು. "315 ಕಟ್, 2.5ಕೆ ಸ್ವಲ್ಪ, ಜನ ತುಂಬಿದ ಮೇಲೆ 315 ವಾಪಸ್ ಎತ್ತು" ಅಂತ ಒಂದು ಪುಟದಲ್ಲಿ ನೋಡಿದ ನೆನಪು. ಶಬ್ದವನ್ನು ಮೂವತ್ತೊಂದು ಪಟ್ಟಿಯಾಗಿ ಸೀಳಿ ಒಂದೊಂದನ್ನೂ ಏರಿಸಿ ಇಳಿಸುವ ಗ್ರಾಫಿಕ್ ಈಕ್ವಲೈಸರ್ ಬಳಸಿದವರಿಗೆ ಈ ಅಂಕಿ ಅರ್ಥ ಆಗುತ್ತದೆ, ಎರಡೂ ಹರ್ಟ್ಸ್ ಲೆಕ್ಕದ ಫ್ರೀಕ್ವೆನ್ಸಿಗಳು. ಖಾಲಿ ಹಾಲಿನಲ್ಲಿ ಸರಿ ಮಾಡಿದ ಸೌಂಡ್ ಜನ ತುಂಬಿದ ಮೇಲೆ ಬೇರೆಯಾಗುತ್ತದೆ, ಯಾಕೆಂದರೆ ಮೈ, ಬಟ್ಟೆ ಎಲ್ಲವೂ ಶಬ್ದ ಹೀರುತ್ತವೆ. ಅದಕ್ಕೇ ಕೊನೆಯ ಸಾಲು.

ಈಗ ಅಂಗಡಿ ನಡೆಸುವುದು ಅವರ ಮಗಳು, ನಾವೆಲ್ಲ ಅಕ್ಕ ಅನ್ನುತ್ತೇವೆ. ರಿಪೇರಿ ಬೆಂಚಿನಲ್ಲಿ ಅವರ ಹಳೆಯ ಶಿಷ್ಯ. ಕಾರ್ಯಕ್ರಮಕ್ಕೆ ಮಿಕ್ಸರ್ ಮುಂದೆ ಅಕ್ಕನೇ ಕೂರುತ್ತಾರೆ. ಮೊದಲ ಸಲ ಕರೆಸಿದವರು ಅವರ ಹತ್ತಿರವೇ ಬಂದು "ಆಪರೇಟರ್ ಎಲ್ಲಿದ್ದಾರಮ್ಮಾ?" ಅಂತ ಕೇಳುವುದನ್ನು ನಾನೇ ನೋಡಿದ್ದೇನೆ. ಅಕ್ಕ ಬೇಜಾರಿಲ್ಲದೆ "ಹೇಳ್ರಿ, ಏನಾಗಬೇಕು" ಅನ್ನುತ್ತಾರೆ. ಡೈರಿಯ ಪುಟಗಳನ್ನೆಲ್ಲ ಈಗ ಡಿಜಿಟಲ್ ಮಿಕ್ಸರಿಗೆ ಹಾಕಿದ್ದಾರೆ, ಹಾಲಿನ ಹೆಸರು ಒತ್ತಿದರೆ ಎಲ್ಲವೂ ಅಲ್ಲಿಗೆ ಬಂದು ಕೂರುತ್ತದೆ. ಆದರೂ ಡೈರಿ ಜೊತೆಗೇ ತರುತ್ತಾರೆ. ಎಷ್ಟು ಜನ ಬಂದಿದ್ದಾರೆ ಅನ್ನುವುದು ಮಿಷನ್ನಿಗೆ ಗೊತ್ತಾಗಲ್ಲ ಅಲ್ವಾ.

ನಮ್ಮ ಕಳೆದ ನಾಟಕದ ಸಂಜೆ ಹೇಗಿತ್ತು ಅಂತ ಹೇಳುತ್ತೇನೆ, ನಿಮಗೆ ಅಂದಾಜಾಗಲಿ. ಮಧ್ಯಾಹ್ನ ಮೂರಕ್ಕೆ ಗಾಡಿ ಬಂತು. ಅಕ್ಕ ಮೊದಲು ಇಳಿಸಿದ್ದು ಸ್ಪೀಕರ್ ಅಲ್ಲ, ಮಲ್ಟಿಮೀಟರ್. ಪ್ಲಗ್ ಪಾಯಿಂಟಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ಅಂತ ನೋಡಿದರು. ಜಾಸ್ತಿ ಇದ್ದರೆ ಏನೂ ಹಚ್ಚುವುದಿಲ್ಲ. ಇದು ಮಾಸ್ಟರ್ ಹಾಕಿದ ಕಾನೂನು, ಮೈಕ್ ಹಿಡಿದವರಿಗೆ ತುಟಿಗೆ ಶಾಕ್ ಹೊಡೆಯುವುದು ನಮ್ಮ ಕಡೆ ಹೊಸದೇನಲ್ಲ. ಎಲ್ಲ ಸಾಮಾನಿಗೂ ಒಂದೇ ಪಾಯಿಂಟಿನಿಂದ ಕರೆಂಟ್ ತೆಗೆದುಕೊಂಡರು. ಬೇರೆ ಬೇರೆ ಕಡೆಯಿಂದ ತೆಗೆದರೆ ಅರ್ಥ್ ಸುತ್ತು ಬಿದ್ದು 50 ಹರ್ಟ್ಸ್‌ನ ಗುಂಯ್ ಸೇರಿಕೊಳ್ಳುತ್ತದೆ. ಆಮೇಲೆ ಹಾಲ್ ಪೂರ್ತಿ ನಡೆದು ಅಲ್ಲಲ್ಲಿ ನಿಂತು ಒಂದೊಂದು ಚಪ್ಪಾಳೆ ಹೊಡೆದು ಕೇಳಿದರು. ಅಪ್ಪನೂ ಹೀಗೇ ಮಾಡುತ್ತಿದ್ದರು, ನಮ್ಮ ಹುಡುಗರು ಅದನ್ನು ಪ್ರಾರ್ಥನೆ ಅಂತ ಕರೆಯುತ್ತಿದ್ದರು. ಮೇಲೆ ತೂಗುಬಿಟ್ಟ ಮೈಕ್‌ಗಳು ನಡೆಯಲು ಬೇಕಾದ 48 ವೋಲ್ಟನ್ನು ಮಿಕ್ಸರಿನಿಂದಲೇ ಕೊಟ್ಟರು, ನಿರೂಪಕರಿಗೆ ಮಾತ್ರ ಕೈ ಮೈಕ್. ಆ ಕೈ ಮೈಕ್ ಶೂರ್ ಕಂಪನಿಯ ಎಸ್‌ಎಂ58. 1966ರಲ್ಲಿ ಬಂದ ಮಾಡೆಲ್, ಇಂದಿಗೂ ಅದೇ ರೂಪ. ಅಂಗಡಿಯಲ್ಲಿರುವ ಒಂದರ ಜಾಲರಿ ಒಂದು ಕಡೆ ಚಪ್ಪಟೆಯಾಗಿದೆ, ಯಾವುದೋ ಸ್ಕೂಲ್ ಡೇಯಲ್ಲಿ ಬಿದ್ದದ್ದಂತೆ. ಶಬ್ದಕ್ಕೆ ಏನೂ ಆಗಿಲ್ಲ.

ನಾಟಕದ ಮಧ್ಯೆ ಕರೆಂಟ್ ಹೋಯಿತು. ಕುಡುತಿನಿಯಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರ ಇಟ್ಟುಕೊಂಡು ನಮಗೆ ಈ ಗತಿ, ಇರಲಿ. ಮಿಕ್ಸರ್ ಯುಪಿಎಸ್ ಮೇಲಿತ್ತು, ಉಳಿದಿತ್ತು. ಜನರೇಟರ್ ಶುರುವಾದ ತಕ್ಷಣ ಆಂಪ್ಲಿಫೈಯರ್ ಹಾಕಲು ನಮ್ಮ ಹುಡುಗ ಓಡಿದ. ಅಕ್ಕ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಜನರೇಟರ್ ಸ್ಥಿರ ಆಗುವ ತನಕ ಕಾಯಬೇಕು, ಇಲ್ಲದಿದ್ದರೆ ವೋಲ್ಟೇಜ್ ಏರುಪೇರಿಗೆ ಆಂಪ್ ಹೊಗೆ ಬಿಡುತ್ತದೆ. ಅಷ್ಟು ಹೊತ್ತು ನಮ್ಮ ನಟರು ಬರೀ ಗಂಟಲಲ್ಲಿ ನಡೆಸಿದರು. ರಾಘವ ಕಲಾಮಂದಿರಕ್ಕೆ ಯಾರ ಹೆಸರಿದೆಯೋ ಆ ಬಳ್ಳಾರಿ ರಾಘವರ ಕಾಲದಲ್ಲಿ ನಟರಿಗೆ ಗಂಟಲೇ ಮೈಕ್ ಆಗಿತ್ತು, ನಮ್ಮವರಿಗೆ ಎರಡು ನಿಮಿಷಕ್ಕೇ ಕೆಮ್ಮು ಬಂತು. ಕೊನೆಯ ಸಾಲಿನಲ್ಲಿ ಕೂತಿದ್ದ ನನ್ನ ಅತ್ತೆ, ಕಿವಿ ಸ್ವಲ್ಪ ಮಂದ, ಮನೆಗೆ ಬಂದು ಸಂಭಾಷಣೆಯನ್ನೆಲ್ಲ ತಿರುಗಿ ಹೇಳಿದರು. ನನಗೆ ಇದಕ್ಕಿಂತ ಬೇರೆ ಸ್ಟಾರ್ ರೇಟಿಂಗ್ ಬೇಕಿಲ್ಲ.

ಸಾಮಾನು ಕಟ್ಟುವಾಗ ನೋಡಿ, ಅಲ್ಲಿಯೂ ಮಾಸ್ಟರ್ ಕೈ ಕಾಣಿಸುತ್ತದೆ. ಕೇಬಲ್ಲನ್ನು ಮೊಣಕೈಗೆ ಸುತ್ತುವಂತಿಲ್ಲ. ಒಂದು ಸುತ್ತು ಮೇಲಿಂದ, ಮುಂದಿನದು ಒಳಗಿಂದ ತಿರುಗಿಸಿ, ಮತ್ತೆ ಮೇಲಿಂದ. ಹೀಗೆ ಸುತ್ತಿದ ಕೇಬಲ್ ಎಸೆದರೆ ಗಂಟಾಗದೆ ನೆಟ್ಟಗೆ ಬಿಚ್ಚಿಕೊಳ್ಳುತ್ತದೆ, ಒಳಗಿನ ತಂತಿಯೂ ಮುರಿಯುವುದಿಲ್ಲ. ಲೋಡಿಂಗ್ ಹುಡುಗರಿಗೂ ಇದು ಬರುತ್ತದೆ. ಬೇರೆ ಅಂಗಡಿಗಳ ಕೇಬಲ್ ರಾಶಿ ನೋಡಿದವರಿಗೆ ಇದರ ಬೆಲೆ ಗೊತ್ತು.

ಮಾಸ್ಟರ್ ಅಂತ್ಯಕ್ರಿಯೆಯ ಆರಾಧನೆಗೆ ನಾನೂ ಹೋಗಿದ್ದೆ. ಒಳಗೆ ಕಾಲಿಡಲು ಜಾಗ ಇರಲಿಲ್ಲ. ಬಯಲಾಟದವರು, ಆರ್ಕೆಸ್ಟ್ರಾದವರು, ಉರುಸಿನಲ್ಲಿ ಕವ್ವಾಲಿ ಹಾಡುವವರು, ಗಣೇಶನ ಪೆಂಡಾಲಿನವರು, ಎಲ್ಲರಿಗೂ ಅವರು ಎಂದೋ ಒಂದು ಮೈಕ್ ಸರಿ ಮಾಡಿಕೊಟ್ಟವರೇ. ಸೌಂಡ್ ಶಿಷ್ಯನದು. ಹುಡುಗ ಅಳುತ್ತಾ ಕೂತಿದ್ದ, ಸದ್ದು ಒಂದು ಚೂರು ಜಾಸ್ತಿಯೇ ಇಟ್ಟಿದ್ದ. ಕಾಯರ್ ನಾಲ್ಕು ಧ್ವನಿಯಲ್ಲಿ ಎತ್ತಿಕೊಂಡಾಗ ನನ್ನ ಪಕ್ಕದ ಹಳೇ ತಬಲಾದವರು ಮೆಲ್ಲಗೆ "ಮಾಸ್ಟರ್ ಇದ್ದಿದ್ರ, ಕಮ್ಮಿ ಮಾಡಲೇ ಅಂತಿದ್ರು" ಅಂದರು. ಸುತ್ತ ನಾಲ್ಕೈದು ಜನ ಅಳು ಬಿಟ್ಟು ನಕ್ಕರು.

ಇನ್ನು ಕೊರತೆಗಳು. ಇವನ್ನು ಬರೆಯದಿದ್ದರೆ ಇದು ಬರೀ ಹೊಗಳಿಕೆ ಆಗುತ್ತದೆ.

ಹಾರ್ಮೋನಿಯಂ ರಿಪೇರಿ ಮೊದಲಿನ ಹಾಗಿಲ್ಲ. ಮಾಸ್ಟರ್, ಗಾಳಿಗೆ ಅಲುಗಿ ಸ್ವರ ಹೊರಡಿಸುವ ಹಿತ್ತಾಳೆ ರೀಡಿನ ತುದಿ ಕೆರೆದು ಶ್ರುತಿ ಏರಿಸುತ್ತಿದ್ದರು, ಬುಡದಲ್ಲಿ ಕೆರೆದು ಇಳಿಸುತ್ತಿದ್ದರು, ಬರೀ ಕಿವಿಯ ಮೇಲೆ. ಎರಡು ರೀಡ್ ಒಟ್ಟಿಗೆ ನುಡಿಸಿ ಅವುಗಳ ನಾದದ ಅಲುಗಾಟ ನಿಲ್ಲುವ ತನಕ ಬಿಡುತ್ತಿರಲಿಲ್ಲ. ಶಿಷ್ಯ ಫೋನಿನ ಟ್ಯೂನರ್ ನೋಡಿ ಮಾಡುತ್ತಾನೆ. ಮುಳ್ಳು ನಡುವೆ ನಿಲ್ಲುತ್ತದೆ, ಆದರೆ ನುಡಿಸಿದರೆ ಆ ಕೂಡಿಕೊಂಡ ನಾದ ಬರುವುದಿಲ್ಲ. ನಮ್ಮ ತಂಡದ ಪೆಟ್ಟಿಗೆ ಕೊಟ್ಟು ನೋಡಿದ್ದೇವೆ, ತಿಂಗಳುಗಟ್ಟಲೆ ಇಟ್ಟುಕೊಂಡು ಸುಮಾರಾಗಿ ಕೊಟ್ಟರು. ಒಳ್ಳೆಯ ಹಾರ್ಮೋನಿಯಂ ಇದ್ದರೆ ಸದ್ಯಕ್ಕೆ ಬೇರೆ ಕಡೆ ತೋರಿಸಿ. ಆಂಪ್ಲಿಫೈಯರ್, ಮಿಕ್ಸರ್ ರಿಪೇರಿ ಮಾತ್ರ ಮಾಸ್ಟರ್ ಕಾಲಕ್ಕಿಂತ ಚೆನ್ನಾಗಿದೆ ಅಂತಲೇ ಹೇಳಬೇಕು. ಗಣಿ ಕಡೆಯ ಕೆಂಪು ಧೂಳು ಮಿಕ್ಸರಿನ ಫೇಡರ್‌ಗಳ, ಅಂದರೆ ಸದ್ದು ಏರಿಸಿ ಇಳಿಸಲು ಜಾರಿಸುವ ಗುಂಡಿಗಳ, ಒಳಗೆ ಸೇರಿ ಕರಕರ ಅನ್ನಿಸುತ್ತದಲ್ಲ, ಅದನ್ನು ಪೂರ್ತಿ ಬಿಚ್ಚಿ ತೊಳೆದು ಕೊಡುತ್ತಾನೆ. ಹೊಸ ಸಣ್ಣ ಸಣ್ಣ ಚಿಪ್‌ಗಳ ಬೋರ್ಡಿಗೂ ಅವನ ಕೈ ಕೂತಿದೆ.

ವೈರ್‌ಲೆಸ್ ಮೈಕ್‌ಗಳು ಹಳೆಯವು. ವೇದಿಕೆ ಮೇಲೆ ಓಡಾಡುವ ನಿರೂಪಕರಿದ್ದರೆ ಮಧ್ಯೆ ಮಧ್ಯೆ ಚರ್ ಅನ್ನುತ್ತವೆ. ನಾವು ಈಗ ಕೇಬಲ್ ಮೈಕನ್ನೇ ಕೇಳಿ ತರುತ್ತೇವೆ. ಹೊಸ ಸೆಟ್ ತರಿಸುತ್ತೇನೆ ಅಂತ ಅಕ್ಕ ಹೇಳುತ್ತಲೇ ಇದ್ದಾರೆ, ಇನ್ನೂ ಬಂದಿಲ್ಲ.

ಎದೆ ನಡುಗುವ ಬೇಸ್ ಬೇಕಿದ್ದರೆ ದಯವಿಟ್ಟು ಅಲ್ಲಿಗೆ ಹೋಗಿ ಅವರನ್ನೂ ಕಾಡಬೇಡಿ, ನೀವೂ ಬೇಜಾರು ಮಾಡಿಕೊಳ್ಳಬೇಡಿ. ಮೆರವಣಿಗೆಗೆ ಡಿಜೆ ಕೊಡುವುದಿಲ್ಲ. ರಾತ್ರಿ ಹತ್ತಾದರೆ ಸೆಟ್ ಆಫ್. ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮವೇ ಇದೆ. ಬೇರೆಯವರು ಅದನ್ನು ಪೊಲೀಸ್ ಬಂದ ಮೇಲೆ ನೆನಪು ಮಾಡಿಕೊಳ್ಳುತ್ತಾರೆ, ಇವರು ಒಂಬತ್ತೂವರೆಗೇ ಬಂದು ಕಿವಿಯಲ್ಲಿ ಹೇಳುತ್ತಾರೆ. ಮದುವೆ ಆರತಕ್ಷತೆಯವರಿಗೆ ಇದು ಕಿರಿಕಿರಿಯೇ, ಒಪ್ಪುತ್ತೇನೆ.

ದುಡ್ಡಿನ ವಿಷಯ. ಎರಡು ಸ್ಪೀಕರ್, ಮಿಕ್ಸರ್, ಐದಾರು ಮೈಕ್, ಅಕ್ಕ ಮತ್ತು ಇಬ್ಬರು ಹುಡುಗರು ಸೇರಿ ನಮಗೆ ಒಂದು ಸಂಜೆಗೆ 10,000 ರೂಪಾಯಿ ಆಸುಪಾಸು ಬೀಳುತ್ತದೆ, ಊರ ಹೊರಗಾದರೆ ಗಾಡಿ ಬಾಡಿಗೆ ಬೇರೆ. ಊರಿನ ದರಕ್ಕಿಂತ ಸ್ವಲ್ಪ ಜಾಸ್ತಿಯೇ. ಚೌಕಾಸಿ ನಡೆಯುವುದಿಲ್ಲ. ಮಾಸ್ಟರ್ ಆಗಿದ್ದರೆ ನಾಲ್ಕು ಮಾತಾಡಿ ಚಹಾ ಕುಡಿಸಿ ಐದು ನೂರು ಬಿಡುತ್ತಿದ್ದರು, ಹಾಗೆ ಬಿಟ್ಟು ಬಿಟ್ಟೇ ಸಾಲದ ಪುಸ್ತಕ ದಪ್ಪ ಆಗಿತ್ತು ಅಂತ ಆಮೇಲೆ ತಿಳಿಯಿತು. ಅಕ್ಕ ಬಿಲ್ ಕೊಡುತ್ತಾರೆ, ಅರ್ಧ ಮುಂಗಡ ತೆಗೆದುಕೊಳ್ಳುತ್ತಾರೆ. ಸರಿಯಾಗಿಯೇ ಮಾಡುತ್ತಿದ್ದಾರೆ. ಹಳ್ಳಿಯ ಸಣ್ಣ ಸಭೆಗಳಿಗೆ ಮಾತ್ರ ಈಗಲೂ ಬರೀ ಗಾಡಿ ಖರ್ಚಿಗೆ ಹೋಗುತ್ತಾರಂತೆ. ಅದನ್ನು ಕೇಳಿಕೊಂಡು ಹೋಗಿ ನಮಗೂ ಹಾಗೇ ಮಾಡಿ ಅನ್ನಬೇಡಿ.

ಮಕ್ಕಳಿಗೆ ಕೀಬೋರ್ಡ್ ಕಲಿಸುವುದು ಸಂಜೆ ನಡೆಯುತ್ತಿದೆ, ಅಂಗಡಿ ಹಿಂದಿನ ಕೋಣೆಯಲ್ಲಿ. ಕಲಿಸುವವರು ಮಾಸ್ಟರ್ ಹತ್ತಿರ ಕಲಿತ ಇನ್ನೊಬ್ಬರು. ನನ್ನ ಅಣ್ಣನ ಮಗ ಹೋಗುತ್ತಾನೆ. ಡೊ ರೆ ಮಿ ಸ್ವರಲಿಪಿಯಿಂದಲೇ ಶುರು. ಗೆರೆ ಎಳೆದ ನೊಟೇಷನ್ ಆಮೇಲೆ. ಮೂರು ತಿಂಗಳಲ್ಲಿ ಸಿನಿಮಾ ಹಾಡು ನುಡಿಸಬೇಕು ಅನ್ನುವ ಅಪ್ಪ ಅಮ್ಮಂದಿರಿಗೆ ಇದು ಸರಿ ಹೋಗಲ್ಲ.

ಬುಕ್ ಮಾಡುವವರು ಫೋನ್ ಮಾಡಿ ಕೂರಬೇಡಿ, ಕಾರ್ಯಕ್ರಮದಲ್ಲಿದ್ದರೆ ಅಕ್ಕ ಎತ್ತುವುದಿಲ್ಲ. ವಾಟ್ಸಾಪ್‌ನಲ್ಲಿ ಹಾಲಿನ ಹೆಸರು, ಎಷ್ಟು ಜನ, ಎಷ್ಟು ಮೈಕ್ ಅಂತ ಬರೆದು ಕಳಿಸಿದರೆ ರಾತ್ರಿ ಉತ್ತರ ಬರುತ್ತದೆ. ಭಾನುವಾರ ಮಧ್ಯಾಹ್ನದ ಮುಂಚೆ ಅಂಗಡಿಯಲ್ಲಿ ಯಾರೂ ಸಿಗುವುದಿಲ್ಲ, ಎಲ್ಲರೂ ಚರ್ಚಿನಲ್ಲಿರುತ್ತಾರೆ. ಗುಡ್ ಫ್ರೈಡೇ ದಿನ ಪೂರ್ತಿ ರಜೆ. ಡಿಸೆಂಬರ್ ಎರಡನೇ ವಾರದಿಂದ ಕ್ರಿಸ್‌ಮಸ್ ಹಾಡುಗಳ ಕ್ಯಾರಲ್ ಸುತ್ತಾಟ ಶುರುವಾಗುತ್ತದೆ, ಒಳ್ಳೆಯ ಸೆಟ್ ಎಲ್ಲ ಅಲ್ಲಿಗೇ ಹೋಗಿರುತ್ತದೆ. ಸ್ಕೂಲ್ ಡೇ ಇಟ್ಟುಕೊಂಡವರು ನವೆಂಬರ್‌ನಲ್ಲೇ ಮುಂಗಡ ಕೊಟ್ಟು ಹೆಸರು ಬರೆಸಿಡಿ.